ಎರಡನೇ ಶನಿವಾರದ ತರ್ಜುಮಾ ಸರ್

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದಾಗ ಹಳೆಯ ನೆನಪು ಬಂದರೆ ಬಹಳ ಫಜೀತಿ. ನಗುವಂತಿಲ್ಲ, ಅಳುವಂತಿಲ್ಲ, ಪಕ್ಕದಲ್ಲಿದ್ದವರಿಗೆ ಹೇಳುವಂತೆಯೂ ಇಲ್ಲ. ಹೋದ ವಾರ ಬೀದರಿನ ಚಿದ್ರಿಯ ನಮ್ಮ ಓಣಿಯ ದವಾಖಾನೆಯಲ್ಲಿ ನನಗೆ ಹೀಗೇ ಆಯಿತು. ಡಾಕ್ಟರಮ್ಮ ಹತ್ತಿಯ ಉಂಡೆಯನ್ನು ಲವಂಗದ ಎಣ್ಣೆಯಲ್ಲಿ ಅದ್ದಿ ನನ್ನ ದವಡೆಯ ಮೂಲೆಗೆ ಒತ್ತಿದರು. ಆ ಘಾಟು ಮೂಗಿಗೇರಿದ್ದೇ ತಡ, ತರ್ಜುಮಾ ಸರ್ ಕಣ್ಣ ಮುಂದೆ ಬಂದು ನಿಂತರು. ಇಸ್ತ್ರಿ ಮಾಡಿದ ಬಿಳಿ ಅರ್ಧ ತೋಳಿನ ಅಂಗಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ನರೆಗೂದಲು, ಕೆನ್ನೆಯೊಳಗೆ ಒತ್ತರಿಸಿದ ಒಂದು ಲವಂಗ. ಮಾತಿಗೆ ನಿಲ್ಲುವ ಮೊದಲು ಆ ಲವಂಗವನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ದಾಟಿಸುತ್ತಿದ್ದರು. ಗಂಟಲಿಗೆ ಒಳ್ಳೆಯದು ಎಂದು ಯಾರೋ ಹೇಳಿದ್ದರಂತೆ... ಆ ಗಂಟಲಿನ ಕಥೆ ಮುಂದೆ ಹೇಳುತ್ತೇನೆ. "ನೋವಾಗ್ಲತ್ತದೇನ್ರಿ?" ಎಂದು ಡಾಕ್ಟರಮ್ಮ ಕೇಳಿದರು. ನನ್ನ ಕಣ್ಣಲ್ಲಿ ನೀರಿತ್ತು. ಕೈಯಾಡಿಸಿ ಇಲ್ಲ ಎಂದೆ.

ಬೀದರಿನಲ್ಲಿ ನಮ್ಮದೊಂದು ಇಂಜಿನಿಯರುಗಳ ಕ್ಲಬ್ ಇದೆ. ಕ್ಲಬ್ ಎಂದ ಕೂಡಲೇ ಹುಲ್ಲುಹಾಸು, ಟೆನಿಸ್ ಕೋರ್ಟು ಎಂದೆಲ್ಲ ಊಹಿಸಿಕೊಳ್ಳಬೇಡಿ. ಒಂದು ಖಾನಾವಳಿಯ ಮೇಲಿನ ಉದ್ದನೆಯ ಕೋಣೆ, ಅಷ್ಟೇ. ತಿಂಗಳ ಎರಡನೇ ಶನಿವಾರ ಸರ್ಕಾರಿ ಕಚೇರಿಗಳಿಗೆ ರಜೆ. ಅಂದು ಮಧ್ಯಾಹ್ನ ಅಲ್ಲಿ ಎಲ್ಲರೂ ಸೇರುತ್ತೇವೆ. ರಸ್ತೆ ಮಾಡಿಸುವವರು, ಕೆರೆ ನೋಡಿಕೊಳ್ಳುವವರು, ಕರೆಂಟಿನವರು, ಊರ ಹೊರಗಿನ ಕೊಳಾರದ ಕಾರ್ಖಾನೆಗಳವರು, ನನ್ನ ಹಾಗೆ ಮನೆಯ ನಕ್ಷೆ ಹಾಕಿಕೊಂಡು ಬದುಕುವವರು. ಮೊದಲು ಊಟ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಊಟವಾದ ಮೇಲೆ ಹೊರಗಿನಿಂದ ಕರೆಸಿದ ಅತಿಥಿಯ ಮಾತು. ಹೊಸ ಬಗೆಯ ಸಿಮೆಂಟು, ಸೇತುವೆಯ ಲೆಕ್ಕಾಚಾರ, ಮಳೆನೀರು ಹಿಡಿಯುವುದು, ಹೀಗೆ ಪ್ರತಿ ತಿಂಗಳೂ ಒಂದೊಂದು ವಿಷಯ.

ಊಟ ಮೊದಲು ಇಟ್ಟುಕೊಂಡ ಕ್ಲಬ್ಬಿಗೆ ಬುದ್ಧಿ ಕಡಿಮೆ ಎಂದು ನೀವು ಅನ್ನಬಹುದು. ಹೊಟ್ಟೆ ತುಂಬಿದ ಮೇಲೆ ಯಾರು ಕುಳಿತುಕೊಳ್ಳುತ್ತಾರೆ? ಆದರೆ ತರ್ಜುಮಾ ಸರ್ ಇದಕ್ಕೇ ಪಟ್ಟು ಹಿಡಿದಿದ್ದರು. ಊಟದ ಆಸೆಗೆ ಕುಳಿತವರು ನಮಗೆ ಬೇಡ, ಉಂಡ ಮೇಲೂ ಯಾರು ಉಳಿಯುತ್ತಾರೋ ಅವರೇ ನಮ್ಮ ಸಭೆ ಎನ್ನುತ್ತಿದ್ದರು. ವಿಚಿತ್ರವೆಂದರೆ ಜನ ಉಳಿಯುತ್ತಿದ್ದರು. ಅದಕ್ಕೆ ಕಾರಣ ಅತಿಥಿಗಳಲ್ಲ, ಅತಿಥಿಯ ಪಕ್ಕದಲ್ಲಿ ನಿಲ್ಲುತ್ತಿದ್ದ ಈ ಮನುಷ್ಯ.

ಅತಿಥಿಗಳು ಹೈದರಾಬಾದಿನಿಂದ, ಪುಣೆಯಿಂದ, ಒಮ್ಮೊಮ್ಮೆ ಇನ್ನೂ ದೂರದಿಂದ ಬರುತ್ತಿದ್ದರು. ಊಟಕ್ಕೆ ಕುಳಿತಾಗ ಹಿಂದಿಯಲ್ಲಿ ರೊಟ್ಟಿ ಹೊಗಳಿದವರು ಮೈಕು ಹಿಡಿದರೆ ಸಾಕು, ಇಂಗ್ಲಿಷಿಗೆ ಇಳಿದುಬಿಡುತ್ತಿದ್ದರು. ಆಗ ತರ್ಜುಮಾ ಸರ್ ಎದ್ದು ಹೋಗಿ ಅವರ ಬಲಕ್ಕೆ ನಿಲ್ಲುತ್ತಿದ್ದರು. ಅತಿಥಿ ಒಂದು ವಾಕ್ಯ ಹೇಳಬೇಕು, ನಿಲ್ಲಬೇಕು. ಇವರು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಆಮೇಲೆ ಮುಂದಿನ ವಾಕ್ಯ. ಒಮ್ಮೆ ಒಬ್ಬ ಅತಿಥಿ ಹೀಗಾದರೆ ನನ್ನ ಅರ್ಧ ಸಮಯ ನಿಮಗೇ ಹೋಗುತ್ತದಲ್ಲ ಎಂದು ಗೊಣಗಿದ್ದುಂಟು. "ಹೋಗ್ಲಿ ಬಿಡ್ರಿ. ಪೂರಾ ಮಾತು ತಲಿ ಮ್ಯಾಲೆ ಹಾದು ಹೋಗೋದಕಿಂತ ಅರ್ಧ ಮಾತು ತಲಿವಳಗ ಹೋಗೋದು ಚಲೋ" ಎಂದು ಮೊದಲು ನಮಗೆ ಕನ್ನಡದಲ್ಲಿ ಹೇಳಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಅವರಿಗೂ ದಾಟಿಸಿದರು.

ಇದು ಅವರಿಗೆ ಮನೆತನದಿಂದ ಬಂದ ಕೆಲಸ. ಅವರ ತಂದೆ ಮಿಶನ್ ಕಾಲದ ಸಾಲೆಯಲ್ಲಿ ಮಾಸ್ತರರು. ಚರ್ಚಿಗೆ ಪರಸ್ಥಳದ ಬೋಧಕರು ಬಂದಾಗ ಪಕ್ಕದಲ್ಲಿ ನಿಂತು ಪ್ರಸಂಗವನ್ನು, ಅಂದರೆ ಅವರ ಬೋಧನೆಯನ್ನು, ಸಾಲುಸಾಲಾಗಿ ಕನ್ನಡಕ್ಕೆ ತರುತ್ತಿದ್ದವರು ಅವರೇ. ಮಗ ಇಂಜಿನಿಯರಾದರು, ಊರೂರು ತಿರುಗಿ ಸೇತುವೆ ಕಟ್ಟಿಸಿದರು, ನಿವೃತ್ತರಾದರು. ಆದರೆ ಒಬ್ಬರ ಪಕ್ಕದಲ್ಲಿ ಒಬ್ಬರು ನಿಂತು ಮಾತು ದಾಟಿಸುವ ಆ ಪದ್ಧತಿಯನ್ನು ಮರೆಯಲಿಲ್ಲ. ಧ್ವನಿಯೂ ಪ್ರಸಂಗದ್ದೇ. ಅತಿಥಿ ಕೈ ಎತ್ತಿದರೆ ಇವರೂ ಎತ್ತುತ್ತಿದ್ದರು, ಅತಿಥಿ ದನಿ ತಗ್ಗಿಸಿದರೆ ಇವರೂ ತಗ್ಗಿಸುತ್ತಿದ್ದರು. ಕಾಂಕ್ರೀಟಿಗೆ ನೀರುಣಿಸುವ ವಿಷಯ ನಡೆದಾಗ ಅತಿಥಿ ಎಲ್ಲಿಲ್ಲದ ಆವೇಶದಿಂದ ನೀರು, ನೀರು, ನೀರು ಎಂದರು. ಇವರೂ ಎರಡು ಕೈ ಚಾಚಿ ತುಂಬಿದ ಕಂಠದಿಂದ "ನೀರು ಕೊಡ್ರಿ... ನೀರು ಕೊಡ್ರಿ..." ಎಂದಾಗ ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಹಿರಿಯ ಸದಸ್ಯರೊಬ್ಬರು "ಆಮೆನ್" ಎಂದುಬಿಟ್ಟರು. ಕೋಣೆಯೆಲ್ಲ ನಕ್ಕಿತು. ಅತಿಥಿ ಪಿಳಿಪಿಳಿ ನೋಡಿದರು. ತರ್ಜುಮಾ ಸರ್ ಆ ನಗುವನ್ನೂ ಬಿಡದೆ ಇಂಗ್ಲಿಷಿಗೆ ತಂದು ಅವರಿಗೆ ವಿವರಿಸಿದರು.

ಇನ್ನೊಂದು ತಮಾಷೆಯಿತ್ತು. ಆ ತರ್ಜುಮೆ ತನಗೆ ಬೇಕೆಂದು ಒಬ್ಬ ಸದಸ್ಯನೂ ಒಪ್ಪಿಕೊಳ್ಳುತ್ತಿರಲಿಲ್ಲ. ಎಲ್ಲರೂ ಇಂಗ್ಲಿಷಿನಲ್ಲಿ ಓದಿ ಪಾಸಾದವರಲ್ಲವೇ! "ನನಗೇನ್ ಬೇಕಾಗಿಲ್ರಿ, ಪಾಪ ಬಾಕಿಯವರಿಗಿ ಇರಲಿ" ಎನ್ನುತ್ತಿದ್ದರು. ಈ ಬಾಕಿಯವರು ಯಾರು ಎಂದು ನಾನು ಹುಡುಕಿದ್ದೇ ಹುಡುಕಿದ್ದು. ಯಾರನ್ನು ಕೇಳಿದರೂ ಪಕ್ಕದವನತ್ತ ಕಣ್ಣು ತೋರಿಸುತ್ತಿದ್ದರು. ಅತಿಥಿ ಇಂಗ್ಲಿಷಿನಲ್ಲಿ ಹೇಳುವಾಗ ಗಂಭೀರವಾಗಿ ತಲೆಯಾಡಿಸಿ, ತರ್ಜುಮಾ ಸರ್ ಹೇಳಿದ ಮೇಲೆ "ಹಾಂ... ಹಿಂಗೇನು" ಎಂದು ಗುಟ್ಟಾಗಿ ಉಸಿರು ಬಿಡುವವರ ನಡುವೆ ನಾನೂ ಇದ್ದೆ. ನನಗೂ ಬೇಕಾಗಿರಲಿಲ್ಲ, ಬಾಕಿಯವರಿಗಿರಲಿ ಎನ್ನುತ್ತಿದ್ದೆ.

ಅವರದು ಬರೀ ತರ್ಜುಮೆಯೂ ಆಗಿರಲಿಲ್ಲ. ಅತಿಥಿಯ ಮಾತು ಮುಗಿದ ಮೇಲೆ ತಮ್ಮದೊಂದು ಬಾಲಂಗೋಚಿ ಕಟ್ಟುತ್ತಿದ್ದರು. ಸಾಹೇಬರು ಹೀಗೆ ಹೇಳುತ್ತಾರೆ, ಆದರೆ ನಮ್ಮ ಬೀದರಿನ ಬಿಸಿಲಿಗೆ ಅದು ನಡೆಯುವುದಿಲ್ಲ ಎಂದು ಅತಿಥಿಯ ಎದುರಿಗೇ ಹೇಳುವ ಧೈರ್ಯ ಅವರದು. ಯಾಕಿಷ್ಟು ಹಟ ಎಂದು ಒಮ್ಮೆ ಕೇಳಿದ್ದೆ. ಲವಂಗ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಹೋಯಿತು. "ನಮ್ಮಪ್ಪ ದೇವರ ಮಾತು ದಾಟಿಸಿದ. ನಾ ಸಿಮೆಂಟಿನ ಮಾತು ದಾಟಸ್ತೇನಿ. ಎರಡರಾಗ ಯಾವದು ತಪ್ಪಿದ್ರೂ ಮಂದಿ ತಲಿ ಮ್ಯಾಲೇ ಬೀಳ್ತದ, ತಂಗಿ" ಎಂದರು.

ನಾನು ಮಹಾರಾಷ್ಟ್ರದ ಗಡಿಗೆ ಹತ್ತಿದ ಔರಾದ್ ಕಡೆಯವಳು. ನಮ್ಮಲ್ಲಿ ಕನ್ನಡದೊಳಗೆ ಮರಾಠಿ ಸೇರಿಕೊಂಡಿದೆ, ಮೇಲಿಂದ ಉರ್ದು ಉದುರಿಸಿದೆ. ಓದಲು ದಕ್ಷಿಣದ ಊರಿಗೆ ಹೋದಾಗ ಹಾಸ್ಟೆಲಿನಲ್ಲಿ ನಾನು ಬಾಯಿ ತೆರೆದರೆ ಸಾಕು, ಹುಡುಗಿಯರು ಬಿದ್ದುಬಿದ್ದು ನಗುತ್ತಿದ್ದರು. ಬರ್ತೇನಿ ಎಂದರೂ ನಗು, ಹೋಗ್ತೇನಿ ಎಂದರೂ ನಗು. ಅವರಿಗೆ ಕೆಟ್ಟ ಬುದ್ಧಿಯೇನೂ ಇರಲಿಲ್ಲ, ಆದರೆ ನನಗೆ ಸಿಟ್ಟು ಬಹಳ. ಆ ಸಿಟ್ಟಿಗೆ ಪುಸ್ತಕದ ಕನ್ನಡ ಕಲಿತೆ, ಕಲಿತ ಮೇಲೆ ಮಾತನ್ನೇ ಕಡಿಮೆ ಮಾಡಿದೆ. ಬೀದರಿಗೆ ಬಂದು ಚಿದ್ರಿಯಲ್ಲಿ ಸಣ್ಣ ಆಫೀಸು ತೆರೆದ ಮೇಲೂ ಕ್ಲಬ್ಬಿನಲ್ಲಿ ನಾನು ರೊಟ್ಟಿ ತಿಂದು ಸುಮ್ಮನೆ ಕುಳಿತುಕೊಳ್ಳುವ ಗಿರಾಕಿ. ಬಾಯಿ ಬಿಡುತ್ತಿದ್ದುದು ಕೆಲಸದ ಜಾಗದಲ್ಲಿ ಮಾತ್ರ. ಅಲ್ಲಿ ನಾನು ಪಕ್ಕಾ ಔರಾದಿನವಳು.

ತರ್ಜುಮಾ ಸರ್ ನನ್ನನ್ನು ಕಂಡುಹಿಡಿದದ್ದೂ ಅಲ್ಲೇ. ಚಿದ್ರಿಯಲ್ಲಿ ಒಂದು ಮನೆಯ ಸ್ಲ್ಯಾಬಿಗೆ ಸರಳು ಕಟ್ಟುತ್ತಿದ್ದರು. ಮೇಲೆ ಬರಬೇಕಾದ ಸರಳನ್ನು ಕೆಳಗೆ ಕಟ್ಟಿದ್ದ ಮನುಷ್ಯನನ್ನು ನಾನು ಮನಸಾರೆ ಬೈಯುತ್ತಿದ್ದೆ. ಬರೀ ಬೈಗುಳವಲ್ಲ, ಆ ಸರಳು ಯಾಕೆ ಮೇಲಿರಬೇಕು, ಅದು ಏನನ್ನು ಹಿಡಿದುಕೊಳ್ಳುತ್ತದೆ, ಅದಿಲ್ಲದಿದ್ದರೆ ಬಾಲ್ಕನಿ ಹೇಗೆ ಜೋತುಬೀಳುತ್ತದೆ ಎಂದು ನಡುನಡುವೆ ವಿವರಣೆಯೂ ಇತ್ತು. ತಿರುಗಿ ನೋಡಿದರೆ ವಾಕಿಂಗ್ ಹೊರಟಿದ್ದ ತರ್ಜುಮಾ ಸರ್ ರಸ್ತೆಯಲ್ಲೇ ನಿಂತು ಪೂರಾ ಕೇಳುತ್ತಿದ್ದಾರೆ. ನನಗೆ ನಾಚಿಕೆಯಾಯಿತು. ಅವರು ಮಾತ್ರ ಕಳೆದುಹೋದದ್ದು ಸಿಕ್ಕವರ ಹಾಗೆ ನಗುತ್ತಿದ್ದರು. "ಈ ಭಾಷಾ ಎಲ್ಲಿ ಮುಚ್ಚಿ ಇಟ್ಟಿದ್ದಿ?" ಎಂದು ಕೇಳಿದರು.

ಆಗಲೇ ಅವರ ಧ್ವನಿ ಕೈಕೊಡಲು ಶುರುವಾಗಿತ್ತು. ಮೊದಮೊದಲು ಭಾಷಣದ ಕೊನೆಗೆ ಒಡೆಯುತ್ತಿತ್ತು. ಆಮೇಲೆ ಶುರುವಿನಲ್ಲೇ ಒಡೆಯತೊಡಗಿತು. ಹೈದರಾಬಾದಿನ ಡಾಕ್ಟರು ಗಂಟಲಲ್ಲಿ ಗಂಟು ಇದೆ, ತೆಗೆಸಬೇಕು ಎಂದರು. ತೆಗೆಸಿಕೊಂಡು ಬಂದರು. ಪಿಸುಗುಟ್ಟಲೂ ಕೂಡದು ಎಂದು ಕಟ್ಟಪ್ಪಣೆಯಾಗಿತ್ತು. ಇಡೀ ಬದುಕು ಬೇರೆಯವರ ಮಾತನ್ನು ಹೊತ್ತವರಿಗೆ ಈಗ ತಮ್ಮ ಮಾತೂ ಇರಲಿಲ್ಲ... ನೋಡಲು ಹೋದಾಗ ಕೈ ಹಿಡಿದು ಕೂರಿಸಿಕೊಂಡರು.

ಅದೇ ಹೊತ್ತಿಗೆ ಕ್ಲಬ್ಬಿಗೆ ಹೊಸ ಅಧ್ಯಕ್ಷರು ಬಂದರು. ಕೊಳಾರದಲ್ಲಿ ಕಾರ್ಖಾನೆ ಇದ್ದವರು, ಚುರುಕು ಮನುಷ್ಯ. ತರ್ಜುಮೆಯ ಕಾಲ ಮುಗಿಯಿತು, ಇನ್ನು ದೊಡ್ಡ ಸ್ಕ್ರೀನ್ ಹಾಕೋಣ, ಅತಿಥಿ ತನ್ನ ಪಾಡಿಗೆ ತಾನು ಇಂಗ್ಲಿಷಿನಲ್ಲಿ ಹೇಳಿ ಮುಗಿಸಲಿ ಎಂದರು. ಯಾರೂ ಎದುರಾಡಲಿಲ್ಲ. ಹೇಗೆ ಆಡುತ್ತಾರೆ? ನನಗೆ ಬೇಕು ಎಂದು ಒಬ್ಬರಾದರೂ ಒಪ್ಪಿಕೊಳ್ಳಬೇಕಲ್ಲ. ತರ್ಜುಮಾ ಸರ್ ಎದ್ದು ನಿಂತು ಅಧ್ಯಕ್ಷರ ಮುಂದೆ ಒಂದು ಬೆರಳೆತ್ತಿದರು. ಒಂದೇ ಒಂದು ಸಭೆ ಕೊಡಿ ಎಂದು ಕೇಳುತ್ತಿದ್ದರು. ಅವರ ಜೊತೆಗೆ ಬಂದಿದ್ದ ಹೆಂಡತಿ ಆ ಕೈಸನ್ನೆ ನೋಡಿ ನೋಡಿ ಬಿಡಿಸಿ ಹೇಳಿದರು. ಮುಂದಿನ ಊಟ ಬೀದರಿನಲ್ಲಿ ಬೇಡ, ಭಾಲ್ಕಿಯಲ್ಲಿ ಇರಲಿ. ಅಲ್ಲಿ ಮನೆ ಕಟ್ಟಿಸುವವರನ್ನೂ ಮೇಸ್ತ್ರಿಗಳನ್ನೂ ಕರೆಯೋಣ. ಕರಿ ಮಣ್ಣಿನ ಬಗ್ಗೆ ತಿಳಿದವರನ್ನು ಕರೆಸೋಣ. ತರ್ಜುಮೆ ಯಾರು ಮಾಡುತ್ತಾರೆ ಎಂಬ ಪ್ರಶ್ನೆ ಬಂತು. ಸರ್ ಬೆರಳು ನನ್ನ ಕಡೆ ತಿರುಗಿತು.

ಅಧ್ಯಕ್ಷರು ಕೆಟ್ಟವರಲ್ಲ, ನೇರ ಮನುಷ್ಯ. "ಆಗ್ಲಿ ಸರ್. ಊಟ ಆದ ಮ್ಯಾಲೆ ಮಂದಿ ನಿಂತ್ರ ತರ್ಜುಮಾ ನಡೀಲಿ. ಎದ್ದು ಹ್ವಾದ್ರ ಅವತ್ತಿಗಿ ಮುಗೀತು, ಮುಂದ ಸ್ಕ್ರೀನೇ" ಎಂದರು. ಸರ್ ತಲೆಯಾಡಿಸಿದರು. ನನ್ನನ್ನು ಯಾರೂ ಕೇಳಲಿಲ್ಲ.

ಆ ತಿಂಗಳು ಸಂಜೆ ಕೆಲಸ ಮುಗಿದ ಮೇಲೆ ಮಂಗಲಪೇಟದ ಅವರ ಮನೆಗೆ ಹೋಗುತ್ತಿದ್ದೆ. ಮಾತು ಬಾರದ ಮಾಸ್ತರರ ಹತ್ತಿರ ಮಾತು ಕಲಿಯುವುದು ಹೇಗೆ ಎಂದು ನನಗೆ ಅನುಮಾನವಿತ್ತು. ಅವರು ಉಪಾಯ ಮಾಡಿದ್ದರು. ಇಂಜಿನಿಯರಿಂಗ್ ಪುಸ್ತಕದ ಒಂದು ಪುಟ ತೆರೆದು ನನ್ನ ಮುಂದೆ ಇಡುವುದು, ಹೆಂಡತಿಯ ಕಡೆ ಕೈ ತೋರಿಸುವುದು. ಅವರು ದವಾಖಾನೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ನಾವೆಲ್ಲ ಸಿಸ್ಟರಮ್ಮ ಎನ್ನುತ್ತಿದ್ದೆವು. ಆ ಪುಟವನ್ನು ಅವರಿಗೆ ತಿಳಿಯುವಂತೆ ಹೇಳಬೇಕು. ಸಿಸ್ಟರಮ್ಮ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೇಳಿ, "ತಿಳೀಲಿಲ್ಲ, ಮತ್ತ ಹೇಳವ್ವಾ" ಎಂದು ತಣ್ಣಗೆ ಹೇಳುತ್ತಿದ್ದರು. ಮತ್ತೆ ಹೇಳಬೇಕು. ಅವರಿಗೆ ನನ್ನ ಮೇಲೆ ಸ್ವಲ್ಪವೂ ಕರುಣೆಯಿರಲಿಲ್ಲ.

ಒಂದು ದಿನ ಸೇತುವೆಯ ತೊಲೆಗೆ ಭಾರ ಬೀಳುವ ಮೊದಲೇ ಅದರೊಳಗಿನ ತಂತಿಗಳನ್ನು ಬಿಗಿದಿಡುವ ವಿಷಯ ಬಂತು. ಪುಸ್ತಕದ ಕನ್ನಡದಲ್ಲಿ ಎಷ್ಟು ಹೇಳಿದರೂ ಸಿಸ್ಟರಮ್ಮ ಒಪ್ಪಲಿಲ್ಲ. ನನಗೆ ರೇಗಿತು. "ಗಂಜ್ ಬಜಾರದಾಗ ಹಮಾಲರು ನಡಕ್ಕ ಪಟಗಾ ಬಿಗಿದ ಕಟ್ಕೊಂಡು ಆಮ್ಯಾಲ ಚೀಲಾ ಎತ್ತಂಗಿಲ್ಲೇನ್ರಿ? ಹಂಗ. ಚೀಲಾ ಬೆನ್ನಮ್ಯಾಲ ಬಿದ್ದ ಮ್ಯಾಲ ನಡಾ ಕಟ್ಟಿದ್ರ ಏನ್ ಬಂತು?" ಎಂದೆ. ಸಿಸ್ಟರಮ್ಮ ಮೊರ ಕೆಳಗಿಟ್ಟರು. "ಹಾಂ, ಈಗ ತಿಳೀತು" ಎಂದರು. ಪಕ್ಕದ ಕುರ್ಚಿಯಲ್ಲಿ ಸರ್ ಸದ್ದಿಲ್ಲದೆ ನಗುತ್ತಿದ್ದರು, ಭುಜ ಮಾತ್ರ ಕುಣಿಯುತ್ತಿತ್ತು. ಗೋಡೆಯ ಮೇಲೆ ಅವರ ಯೇಸುವಿನ ಪಟವಿತ್ತು. ನಮ್ಮ ಮನೆಯ ಗೋಡೆಯಲ್ಲಿ ಬುದ್ಧನಿರುವುದು. ಆ ಮನೆಯಲ್ಲಿ ನನಗೆ ಒಂದು ದಿನವೂ ಪರಕೀಯಳು ಅನಿಸಲಿಲ್ಲ.

ಭಾಲ್ಕಿಯ ಫಂಕ್ಷನ್ ಹಾಲಿನಲ್ಲಿ ಊಟಕ್ಕೆ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಜನ ಬಂದರು. ಬೀದರಿನಲ್ಲಿ ಪಾಯ ತೆಗೆದರೆ ಬೇಗನೆ ಕೆಂಪು ಕಲ್ಲು ಸಿಗುತ್ತದೆ, ಮನೆ ಕಲ್ಲಿನ ಮೇಲೆ ನಿಶ್ಚಿಂತೆಯಾಗಿ ನಿಲ್ಲುತ್ತದೆ. ಭಾಲ್ಕಿಯ ಕಡೆ ಕರಿ ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಕಟ್ಟಿ ವರ್ಷವಾಗಿಲ್ಲ, ಗೋಡೆಯಲ್ಲಿ ಕೈ ಹೋಗುವಷ್ಟು ಬಿರುಕು. ಹೀಗಾಗಿ ಬಂದವರಿಗೆ ವಿಷಯ ಬೇಕಾಗಿತ್ತು. ಆದರೆ ಊಟ ಮುಗಿದು ಎಲೆಯಡಿಕೆ ಹಾಕಿಕೊಂಡ ಮೇಲೆ ಕೆಲವರ ಕೈ ಬೈಕಿನ ಕೀಲಿಯ ಕಡೆ ಹೋಗುವುದು ನನಗೆ ಕಾಣುತ್ತಿತ್ತು. ಅಧ್ಯಕ್ಷರು ಬಾಗಿಲ ಹತ್ತಿರವೇ ಕುರ್ಚಿ ಹಾಕಿಸಿಕೊಂಡಿದ್ದರು.

ಅತಿಥಿ ಚೆನ್ನೈನಿಂದ ಬಂದ ಪ್ರೊಫೆಸರು, ವಯಸ್ಸಾದ ಹೆಂಗಸು. ಹಿಂದಿಯಿಲ್ಲ, ಮರಾಠಿಯಿಲ್ಲ, ತಮಿಳು ಬಿಟ್ಟರೆ ಇಂಗ್ಲಿಷ್. ನಾನು ಅವರ ಬಲಕ್ಕೆ ನಿಂತೆ. ಅಷ್ಟು ಜನರನ್ನು ಎದುರಿಗೆ ನೋಡಿದ್ದೇ, ಒಂದು ತಿಂಗಳು ಸಿಸ್ಟರಮ್ಮನ ಮುಂದೆ ಕಲಿತದ್ದೆಲ್ಲ ಹಾರಿಹೋಯಿತು. ಹಾಸ್ಟೆಲಿನ ಹುಡುಗಿಯರೇ ಎದುರಿಗೆ ಕುಳಿತಂತಾಗಿ ಪುಸ್ತಕದ ಕನ್ನಡ ಬಾಯಿಗೆ ಬಂತು. ಈ ಭಾಗದ ಮನೆಗಳಿಗೆ ದೊಡ್ಡ ತೊಂದರೆ ಡಿಫರೆನ್ಷಿಯಲ್ ಸೆಟ್ಲ್‌ಮೆಂಟ್ ಎಂದು ಪ್ರೊಫೆಸರು ಹೇಳಿದರು. ಪಾಯ ಎಲ್ಲ ಕಡೆ ಒಂದೇ ಸಮ ಇಳಿಯದೆ ಒಂದು ಕಡೆ ಮಾತ್ರ ಇಳಿಯುವುದಕ್ಕೆ ನಾವು ಹಾಗೆನ್ನುತ್ತೇವೆ. ನಾನು ಗಂಭೀರವಾಗಿ, "ಇಲ್ಲಿನ ಮನೆಗಳಿಗೆ ಮುಖ್ಯ ತೊಂದರೆ ಅಸಮಾನ ಸೆಟ್ಲ್‌ಮೆಂಟ್" ಎಂದೆ.

ಮುಂದಿನ ಸಾಲಿನಲ್ಲಿದ್ದ ಮುದುಕರೊಬ್ಬರು ತಟ್ಟನೆ ಹೇಳಿದರು, "ಖರೇ ಅದರಿ ಮೇಡಂ. ನಮ್ಮ ಮನಿದೂ ಹಂಗೇ ಆಯ್ತು. ತಮ್ಮಗ ಬಾವಿ ಕಡಿ ಹೊಲ ಕೊಟ್ರು, ನನಗ ಕಲ್ಲ ಕಡಿದು."

ಹಿಂದಿನಿಂದ ಇನ್ನೊಬ್ಬರು, "ನಿಮ್ದು ಸೆಟ್ಲ್‌ಮೆಂಟರೆ ಆಯ್ತಲ್ರಿ ಕಾಕಾ, ನಮ್ದು ಇನ್ನಾ ಕೋರ್ಟಿನಾಗೇ ಅದ" ಎಂದರು. ಸಭೆ ನಕ್ಕಿತು. ಅಣ್ಣತಮ್ಮಂದಿರ ಹಿಸ್ಸೆಯ ವಿಷಯ ಒಮ್ಮೆ ಎದ್ದರೆ ನಮ್ಮ ಕಡೆ ಅಷ್ಟು ಬೇಗ ಮಲಗುವುದಿಲ್ಲ. ಅಲ್ಲಲ್ಲಿ ಗುಂಪು ಮಾತು ಶುರುವಾಯಿತು. ಪ್ರೊಫೆಸರು ಏನಾಯಿತೆಂದು ಕೇಳಿದರು, ನಾನು ಹಿಂದಿನ ಸಾಲುಗಳ ಕಡೆ ನೋಡುತ್ತಿದ್ದೆ. ಕೊನೆಯ ಸಾಲಿನವರು ಎದ್ದರು. ಅವರನ್ನು ನೋಡಿ ನಡುವಿನವರೂ ಎದ್ದರು. ಅಧ್ಯಕ್ಷರು ಬಾಗಿಲಲ್ಲಿ ಕಾಲು ಮಡಚಿ ಜನರಿಗೆ ದಾರಿ ಬಿಡುವುದು ಕಾಣಿಸಿತು.

ನಾನು ಸರ್ ಕಡೆ ನೋಡಿದೆ. ಅವರು ಮುಂದಿನ ಸಾಲಿನ ತುದಿಯಲ್ಲಿದ್ದರು. ನನ್ನನ್ನು ನೋಡಿ ಎದ್ದರು, ಕುರ್ಚಿಯ ಮೇಲೆ ಕುಳಿತರು. ಮತ್ತೆ ಎದ್ದರು, ಮತ್ತೆ ಕುಳಿತರು. ಕುಂದ್ರು ಎಂದು ಸನ್ನೆ ಮಾಡುತ್ತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಸಾಕು, ಬಂದು ಕುಳಿತುಕೋ ಎಂದು ಅವರೇ ಹೇಳಿದರೆ ಇನ್ನೇನು ಉಳಿಯಿತು? ಮೈಕು ಪ್ರೊಫೆಸರ ಕೈಗೆ ಕೊಟ್ಟು ಒಂದು ಹೆಜ್ಜೆ ಇಳಿದೆ ಕೂಡ. ಸರ್ ಹಣೆ ಬಡಿದುಕೊಂಡರು. ಮೂರನೆಯ ಸಲ ಎದ್ದು, ಈ ಬಾರಿ ಪೂರ್ತಿ ಕೂರದೆ ಒಂದೇ ಮಗ್ಗುಲನ್ನು ಕುರ್ಚಿಗೆ ಊರಿದರು. ಎಡಭಾಗ ಕುಳಿತಿದೆ, ಬಲಗಾಲು ನೆಟ್ಟಗೆ ನಿಂತಿದೆ. ಆ ವಯಸ್ಸಿನಲ್ಲಿ ಹಾಗೆ ವಾಲಿಕೊಂಡು, ನಡುವಿನ ಮೇಲೆ ಕೈಯಿಟ್ಟು, ಇಲ್ಲಿ ನೋಯುತ್ತದೆ ಎಂಬಂತೆ ಮುಖ ಮಾಡಿದರು.

ನನಗೆ ಹೊಳೆಯಿತು. ಕುಂದ್ರು ಎಂದು ನನಗೆ ಹೇಳಿರಲಿಲ್ಲ. ನನಗೆ ಬೇಕಾದ ಶಬ್ದವೇ ಅದು.

ಮೈಕು ವಾಪಸು ಇಸಿದುಕೊಂಡೆ. ನನ್ನ ಬಾಯಿಂದ ಬಂದದ್ದು ಔರಾದಿನ ಭಾಷೆ. "ಕಾಕಾ, ಹೊಲದ ಮಾತಲ್ರಿ, ಗ್ವಾಡಿ ಮಾತು. ನಿಮ್ಮ ಮನಿ ಒಂದ್ ಕಡಿ ಕುಂದರ್ತದ, ಒಂದ್ ಕಡಿ ನಿಂತೇ ಇರ್ತದ. ಕುಂತಿದ್ದು ಕೆಳಗ ಜಗ್ತದ, ನಿಂತಿದ್ದು ಬಿಡಂಗಿಲ್ಲ. ಇಬ್ಬರ ಜಗ್ಗಾಟದಾಗ ನಡುವಿನ ಗ್ವಾಡಿ ಬಿರೀತದ. ಎಲ್ಲಾ ಕೂಡೇ ಕುಂತ್ರ ಚಿಂತಿಲ್ಲ. ಅರ್ಧ ಕುಂತ್ರೇ ತ್ರಾಸು."

ಗದ್ದಲ ನಿಂತಿತು. ನಡುವಿನ ಸಾಲಿನಲ್ಲಿ ಎದ್ದು ನಿಂತಿದ್ದ ಹೆಂಗಸೊಬ್ಬರು ನಿಂತಲ್ಲಿಂದಲೇ, "ಅಯ್ಯ, ನಮ್ಮ ಬಚ್ಚಲ ಕಡಿ ಗ್ವಾಡಿ ನಿಂತದ್ರಿ, ದೇವರ ಖೋಲಿನೇ ಕುಂತದ. ಹಿಂಗ್ಯಾಕ?" ಎಂದರು. ಅದನ್ನು ಪ್ರೊಫೆಸರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರ ಮುಖ ಅರಳಿತು. ಬಚ್ಚಲ ನೀರು ಇಳಿದು ಆ ಕಡೆಯ ಮಣ್ಣು ಸದಾ ಹಸಿಯಾಗಿ ಉಬ್ಬಿಕೊಂಡಿರುತ್ತದೆ, ದೇವರ ಕೋಣೆಯ ಕಡೆ ಬಿಸಿಲಿಗೆ ಒಣಗಿ ಕುಗ್ಗುತ್ತದೆ ಎಂದು ವಿವರಿಸಿದರು. ನಾನು ದಾಟಿಸಿದೆ. ಅಲ್ಲಿಂದ ಪ್ರಶ್ನೆಯ ಮೇಲೆ ಪ್ರಶ್ನೆ. ಕರಿ ಮಣ್ಣು ಎಷ್ಟು ತೆಗೆಯಬೇಕು, ಅದರ ಜಾಗಕ್ಕೆ ತುಂಬಲು ಮುರುಮ, ಅಂದರೆ ಗಟ್ಟಿ ಗರಸು, ಎಲ್ಲಿಂದ ತರಬೇಕು, ಕಟ್ಟಿ ಮುಗಿಸಿದ ಮನೆಗೆ ಈಗ ಏನು ಮಾಡುವುದು... ಹೊರಗೆ ಹೋದವರನ್ನು ಒಳಗಿದ್ದವರು ಫೋನು ಮಾಡಿ ಕರೆದರು. ಬೈಕು ತಿರುಗಿಸಿಕೊಂಡು ಬಂದವರಿಗೆ ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತರು. ಪ್ರೊಫೆಸರೂ ಸೆಟ್ಲ್‌ಮೆಂಟ್ ಬಿಟ್ಟು ತಮ್ಮ ಇಂಗ್ಲಿಷಿನ ನಡುವೆ ಕುಂದರ್ತದ, ಕುಂದರ್ತದ ಎನ್ನತೊಡಗಿದರು. ಚಹಾ ಬಂದು ಹೋದರೂ ಸಭೆ ಏಳಲಿಲ್ಲ.

ಕೊನೆಗೆ ಅಧ್ಯಕ್ಷರು ಸರ್ ಹತ್ತಿರ ಬಂದು, "ಸ್ಕ್ರೀನ್ ಹಾಕೋ ಕೆಲಸ ತಪ್ಪಿತು ಬಿಡ್ರಿ ಸರ್. ನಮ್ಮ ಬಾಕಿಯವರಿಗಿ ತರ್ಜುಮಾನೇ ಇರಲಿ" ಎಂದರು. ನಗುತ್ತಲೇ ಹೇಳಿದರು, ಮನಸಾರೆ ಹೇಳಿದರು. ಬೀದರಿಗೆ ಮರಳುವಾಗ ಕಾರಿನಲ್ಲಿ ಸರ್ ನನ್ನ ಕಡೆ ಬಾಗಿ, ಡಾಕ್ಟರ ಅಪ್ಪಣೆ ಮುರಿದು, ಗಾಳಿಯಂಥ ದನಿಯಲ್ಲಿ ಒಂದು ಮಾತು ಹೇಳಿದರು. "ಭಾಷಾ ಚಲೋ ಅದ ನಿಂದು." ಸಿಸ್ಟರಮ್ಮ ಮುಂದಿನ ಸೀಟಿನಿಂದ ತಿರುಗಿ, "ಇನ್ನೊಮ್ಮಿ ಬಾಯಿ ತಗದ್ರಿ ಅಂದ್ರ ನೋಡ್ರಿ ಮತ್ತ" ಎಂದು ಗದರಿಸಿದರು. ನಾನು ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ನನ್ನ ಭಾಷೆಯನ್ನು ಚಲೋ ಎಂದವರು ಅದಕ್ಕೂ ಮೊದಲು ಯಾರೂ ಇರಲಿಲ್ಲ.

ಆಮೇಲೆ ಪ್ರತಿ ಎರಡನೇ ಶನಿವಾರ ಅತಿಥಿಯ ಬಲಕ್ಕೆ ನಾನು ನಿಂತೆ. ಸರ್ ಧ್ವನಿ ಪೂರ್ತಿ ಮರಳಲಿಲ್ಲ. ಆದರೂ ತಪ್ಪದೆ ಬರುತ್ತಿದ್ದರು. ನಾನು ಎಡವಟ್ಟು ಮಾಡಿದರೆ ಚಿಟಿಕೆ ಹೊಡೆಯುತ್ತಿದ್ದರು. ದಿನ ಕಳೆದಂತೆ ಚಿಟಿಕೆ ಕಡಿಮೆಯಾಯಿತು. ಮೊದಮೊದಲು ನನ್ನ ತಪ್ಪು ಕಡಿಮೆಯಾಯಿತು ಎಂದು ಬೀಗಿದೆ, ಆಮೇಲೆ ಅವರ ಕೈಯಲ್ಲೇ ಶಕ್ತಿ ಕಡಿಮೆಯಾಗಿದೆ ಎಂದು ತಿಳಿಯಿತು... ಗಂಟಲಿನ ರೋಗ ಮತ್ತೆ ಬಂದಿತ್ತು. ಅವರನ್ನು ಮಣ್ಣಿಗಿಡುವ ದಿನ ಪಾಸ್ಟರು ಕನ್ನಡದಲ್ಲೇ ಪ್ರಾರ್ಥನೆ ಮಾಡಿದರು, ತರ್ಜುಮೆಯ ಅಗತ್ಯವಿರಲಿಲ್ಲ. ಆದರೂ ನಾನು ಒಳಗೊಳಗೇ ಪ್ರತಿ ಮಾತನ್ನೂ ಔರಾದಿನ ಭಾಷೆಗೆ ಹಾಕುತ್ತ ನಿಂತಿದ್ದೆ. ಬೇರೆ ಏನು ಮಾಡಬೇಕೋ ನನಗೆ ಗೊತ್ತಾಗಲಿಲ್ಲ.

ಈಗ ನಮ್ಮ ಊಟ ವರ್ಷದಲ್ಲಿ ಕೆಲವು ಸಲ ಭಾಲ್ಕಿಗೆ ಹೋಗುತ್ತದೆ, ಬೇರೆ ಊರುಗಳಿಗೂ ಹೋಗುತ್ತದೆ. ಹೊಸ ಸದಸ್ಯರು ತರ್ಜುಮೆ ನಮಗೇ ಬೇಕು ಎಂದು ನಾಚದೆ ಹೇಳುತ್ತಾರೆ. ಮೊನ್ನೆಯ ಎರಡನೇ ಶನಿವಾರ ಮೊದಲ ಬಾರಿಗೆ ಔರಾದಿನಲ್ಲಿ ಸೇರಿದೆವು. ಹೊರಗಿನವರನ್ನು ಯಾಕೆ ಕರೆಯುವುದು, ಈ ಸಲ ನೀವೇ ಅತಿಥಿ ಎಂದು ನನ್ನನ್ನೇ ಮಾತಿಗೆ ನಿಲ್ಲಿಸಿದರು. ಕರಿ ಮಣ್ಣಿನಲ್ಲಿ ಮನೆ ಕಟ್ಟುವುದೇ ವಿಷಯ. ಊಟ ಮುಗಿಯಿತು. ಫಂಕ್ಷನ್ ಹಾಲ್ ತುಂಬಿತ್ತು, ತುಂಬಿಯೇ ಉಳಿಯಿತು.

ಮಾತು ಶುರು ಮಾಡಿದೆ. ನನ್ನದೇ ಊರು, ನನ್ನದೇ ಭಾಷೆ. "ಪಾಯ ತಗಿವಾಗ ಕರಿ ಮಣ್ಣು ಪೂರಾ ತಗೀರಿ. ಮುರುಮ ಹತ್ತೋತನಕ ಬಿಡಬ್ಯಾಡ್ರಿ" ಎಂದು ಹೇಳಿ ನಿಂತುಬಿಟ್ಟೆ. ಮರೆತು ನಿಂತದ್ದಲ್ಲ. ಅತಿಥಿ ಒಂದು ಮಾತು ಹೇಳಿ ಪಕ್ಕದವರಿಗೆ ಜಾಗ ಬಿಡುವುದನ್ನು ಇಷ್ಟು ವರ್ಷ ನೋಡಿದ್ದ ಮೈ, ತಾನಾಗಿಯೇ ಜಾಗ ಬಿಟ್ಟಿತ್ತು. ಬಲಕ್ಕೆ ತಿರುಗಿದೆ. ಅಲ್ಲಿ ಯಾರೂ ಇರಲಿಲ್ಲ. ಸರ್ ಇಲ್ಲ ಎಂಬುದು ಮಣ್ಣಿಗಿಟ್ಟ ದಿನಕ್ಕಿಂತ ಆ ಗಳಿಗೆಯಲ್ಲಿ ನನಗೆ ಹೆಚ್ಚು ತಿಳಿಯಿತು.

ಮುಂದಿನ ಸಾಲಿನಲ್ಲಿದ್ದ ಹೆಂಗಸು ಕೇಳಿದಳು, "ಯಾಕ್ರಿ ಅಕ್ಕಾ, ನಡುವೇ ನಿಂತ್ರಿ? ನೀರು ಬೇಕೇನ್ರಿ?"

"ಬ್ಯಾಡವ್ವಾ" ಎಂದೆ. ಸರ್ ಇದ್ದಿದ್ದರೆ ಆ ಜಾಗದಲ್ಲಿ ಯಾವ ಬಾಲಂಗೋಚಿ ಕಟ್ಟುತ್ತಿದ್ದರು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅರ್ಧ ಹೆಜ್ಜೆ ಬಲಕ್ಕೆ ಸರಿದು ಅದನ್ನೂ ನಾನೇ ಹೇಳಿದೆ.

"ಅವಸರ ಇದ್ದವರು ಡೇರಾ ಹೊಡಕೋರಿ, ಮನಿ ಕಟ್ಟಬ್ಯಾಡ್ರಿ."

ಸಭೆ ನಕ್ಕಿತು. ನಾನು ಮತ್ತೆ ಎಡಕ್ಕೆ ಸರಿದು ಮುಂದಿನ ಮಾತು ಹೇಳಿದೆ.